ಮಾತಿಲ್ಲದ ಮಟ್ಟು: ಅದರ ನಡೆ, ಶ್ರುತಿ, ಭಾವ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಮೂವತ್ತು ವರ್ಷಕ್ಕೂ ಮಿಕ್ಕಿ ಗಣಿತವನ್ನು ಬೋಧಿಸಿದ ನನ್ನಿಂದ ಅವರು ಗಣಿತದ ವಿಷಯವನ್ನೇ ನಿರೀಕ್ಷಿಸಿರಬಹುದು. ನಾನು ಆರಿಸಿಕೊಂಡಿರುವುದಾದರೋ ಸಂಗೀತದ ವಿಷಯ. ಅದರಲ್ಲಿಯೂ ಸಭಾಮಂದಿರಗಳಲ್ಲಿ ಮನ್ನಣೆ ಪಡೆದ ಸಂಗೀತವನ್ನು ಬಿಟ್ಟು, ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡುಸೆಟ್ಟಿನವರು ಊದುವ ಒಂದು ಮಟ್ಟನ್ನು ಎತ್ತಿಕೊಂಡಿದ್ದೇನೆ. ಅದಕ್ಕೆ ಸಾಹಿತ್ಯವಿಲ್ಲ, ದೇವರ ಹೆಸರಿಲ್ಲ, ಅದು ಹುಟ್ಟಿದ ಊರೂ ನಮ್ಮದಲ್ಲ. ಆದರೂ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಬೀದಿಗಳಲ್ಲಿ ನನ್ನ ವಯಸ್ಸಿನವರು ಅದನ್ನು ಕೇಳುತ್ತಲೇ ಬೆಳೆದರು. ವಿಷಯ ಹಗುರವೆಂದು ವಾಚಕರು ಪುಟವನ್ನು ತಿರುವಿಬಿಡಬಾರದೆಂದು ಮೊದಲೇ ವಿನಂತಿಸಿಕೊಳ್ಳುತ್ತೇನೆ.

ಈ ವಿಚಾರ ತಲೆಯಲ್ಲಿ ಮೊಳೆಯಲು ಕಾರಣರಾದವರು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು. ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ಅವರು, ಯಾವ ಮಟ್ಟನ್ನು ಕೇಳಿಸಿದರೂ ಅದರ ಮೂರು ಲಕ್ಷಣಗಳನ್ನು ಯಂತ್ರವೇ ಹೇಳಿಬಿಡುತ್ತದೆಂದು ತಮ್ಮ ಮೊಬೈಲಿನಲ್ಲಿ ತೋರಿಸಿದರು. ಒಂದು ನಿಮಿಷಕ್ಕೆ ಎಷ್ಟು ಪೆಟ್ಟು ಎಂಬ ವೇಗ. ಯಾವ ಸ್ವರ ಷಡ್ಜವಾಗಿದೆಯೆಂಬ ಶ್ರುತಿ. ಮಟ್ಟು ಹರ್ಷದ್ದೋ ವಿಷಾದದ್ದೋ ಎಂಬ ಭಾವ. ಸಂಗೀತವನ್ನು ಮನೆಮನೆಗೆ ಹಂಚುವ ಸ್ಪಾಟಿಫೈ ಎಂಬ ಸಂಸ್ಥೆಯು ಈ ಮೂರನೆಯದಕ್ಕೆ ‘ವೇಲೆನ್ಸ್’ ಎಂಬ ಹೆಸರಿನಲ್ಲಿ, ಶೂನ್ಯದಿಂದ ಒಂದರ ನಡುವೆ ಒಂದು ದಶಾಂಶವನ್ನು ಕೊಡುವ ಕ್ರಮವನ್ನು ಬಳಸಿತು. ಶೂನ್ಯದ ಹತ್ತಿರವಿದ್ದರೆ ದುಃಖ, ಒಂದರ ಹತ್ತಿರವಿದ್ದರೆ ಸಂತೋಷ. ಲೆಕ್ಕದವನಾದ ನನಗೆ ಇದು ಬಹಳ ಹಿಡಿಸಿತು. ಮೂರು ಅಂಕಿಗಳಲ್ಲಿ ಎರಡನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಮೂರನೆಯದನ್ನು ಕುರಿತು ನಾಲ್ಕು ಮಾತು ಹೇಳಬೇಕಾಗಿದೆ. ಅದನ್ನು ಹೇಳುವುದಕ್ಕಾಗಿಯೇ ಈ ಮದುವೆಯ ಮಟ್ಟನ್ನು ಸಾಕ್ಷಿಗೆ ಕರೆದಿದ್ದೇನೆ.

ಆ ಮಟ್ಟಿನ ಹೆಸರು ‘ಕಮ್ ಸೆಪ್ಟೆಂಬರ್’. 1961ರಲ್ಲಿ ತೆರೆಕಂಡ ಅದೇ ಹೆಸರಿನ ಅಮೆರಿಕದ ಚಲನಚಿತ್ರಕ್ಕಾಗಿ, ಆ ಚಿತ್ರದಲ್ಲಿ ಪಾತ್ರವಹಿಸಿದ್ದ ಗಾಯಕ ಬಾಬಿ ಡ್ಯಾರಿನ್ ಅದನ್ನು ರಚಿಸಿದರು. ಬಿಲ್ಲಿ ವಾನ್ ಅವರ ವಾದ್ಯವೃಂದ ನುಡಿಸಿದ ಧ್ವನಿಮುದ್ರಿಕೆ ಭಾರತದಲ್ಲಿ ತುಂಬ ಜನಪ್ರಿಯವಾಯಿತು. ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಮಾತ್ರ ಇಟಲಿಯ ತನ್ನ ಬಂಗಲೆಗೆ ಬರುವ ಶ್ರೀಮಂತನೊಬ್ಬ ಒಂದು ವರ್ಷ ಜುಲೈನಲ್ಲಿಯೇ ಬಂದಿಳಿದಾಗ ಆಗುವ ಪೇಚಾಟವೇ ಆ ಚಿತ್ರದ ಕಥೆ. ನಮ್ಮೂರಿನ ಬ್ಯಾಂಡಿನವರಿಗೆ ಆ ಬಂಗಲೆಯೂ ಗೊತ್ತಿರಲಿಲ್ಲ, ಆ ಪೇಚಾಟವೂ ಗೊತ್ತಿರಲಿಲ್ಲ. ನಮಗೆ ಸೆಪ್ಟೆಂಬರ್ ಎಂದರೆ ಬಹುತೇಕ ಗೌರಿ ಗಣೇಶರ ಹಬ್ಬ, ಹಸುರೇರಿದ ರಾಗಿಯ ಹೊಲ. ಕಥೆಯನ್ನು ಗಡಿಯಾಚೆ ಬಿಟ್ಟು, ಮಟ್ಟು ಮಾತ್ರ ನಮ್ಮಲ್ಲಿಗೆ ಬಂದಿತು. ಮಾತಿಲ್ಲದ್ದರಿಂದ ಅದಕ್ಕೆ ಭಾಷಾಂತರವೂ ಬೇಕಾಗಲಿಲ್ಲ.

ಮೊದಲು ನಡೆಯನ್ನು ತೆಗೆದುಕೊಳ್ಳೋಣ. ನಡೆ ಎಂಬ ನಮ್ಮ ಮಾತಿನಲ್ಲಿಯೇ ಕಾಲಿದೆ. ಕವಾಯತಿನಲ್ಲಿ ಬಿರುಸು ನಡೆಗೆ ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಗೆ 30 ಅಂಗುಲ. ಗುಣಿಸಿ ನೋಡಿದರೆ ನಿಮಿಷಕ್ಕೆ ಸರಿಯಾಗಿ 100 ಗಜ. ನಿಧಾನ ನಡೆಗೆ 70 ಹೆಜ್ಜೆ. ಸ್ವಾತಂತ್ರ್ಯ ದಿನದಂದು ಶಾಲೆಯ ಮೈದಾನದಲ್ಲಿ ಡ್ರಮ್ಮು ಬಾರಿಸುವ ಹುಡುಗನು ತನಗೆ ತಿಳಿಯದೆಯೇ ಈ ಗುಣಾಕಾರವನ್ನು ಮಾಡುತ್ತಿರುತ್ತಾನೆ. ಅವನ ಕೈ ಕೊಂಚ ಅವಸರಪಟ್ಟರೆ ಹಿಂದಿನ ಸಾಲಿನ ಪುಟ್ಟ ಕಾಲುಗಳು ಓಡಬೇಕಾಗುತ್ತದೆ. ಮದುವೆಯ ಮೆರವಣಿಗೆಯ ಹೆಜ್ಜೆ ಈ ಎರಡಕ್ಕೂ ಸೇರದು. ತಲೆಯ ಮೇಲೆ ಗ್ಯಾಸ್‌ಲೈಟು ಹೊತ್ತವರು, ಮಕ್ಕಳನ್ನು ಎತ್ತಿಕೊಂಡ ಹೆಂಗಸರು, ಹತ್ತು ಹೆಜ್ಜೆಗೊಮ್ಮೆ ನಿಂತು ಮಾತಿಗೆ ತೊಡಗುವ ಬೀಗರು, ಇವರೆಲ್ಲರನ್ನೂ ಕೂಡಿಸಿಕೊಂಡು ಸಾಗಬೇಕು. ಆದ್ದರಿಂದ ಬ್ಯಾಂಡಿನವರು ಕುಣಿಯುವ ಹುಡುಗರು ಮುಂದಿದ್ದಾಗ ವೇಗವನ್ನು ಏರಿಸಿ, ಚಪ್ಪರ ಸಮೀಪಿಸುತ್ತಿದ್ದಂತೆ ಇಳಿಸುತ್ತಿದ್ದರು. ಮುದ್ರಿಕೆಯಲ್ಲಿ ಒಂದೇ ವೇಗವಿದ್ದ ಮಟ್ಟಿಗೆ ನಮ್ಮ ಬೀದಿಯಲ್ಲಿ ಹಲವು ವೇಗಗಳು ಹುಟ್ಟಿಕೊಂಡವು.

ವೇಗವನ್ನೆಣಿಸುವ ಯಂತ್ರಕ್ಕೆ ಒಂದು ತೊಡಕಿದೆಯೆಂದು ಆ ಹಳೆಯ ವಿದ್ಯಾರ್ಥಿಯೇ ಹೇಳಿದರು. ಕೆಲವು ವೇಳೆ ಅದು 70 ಇರುವುದನ್ನು 140 ಎಂದೂ, 140 ಇರುವುದನ್ನು 70 ಎಂದೂ ತಿಳಿಯುತ್ತದೆಯಂತೆ. ಇದನ್ನು ಕೇಳಿ ನನಗೆ ನಗು ಬಂದಿತು. ಪುರಂದರದಾಸರು ಹಾಕಿಕೊಟ್ಟರೆಂದು ನಾವು ನಂಬಿರುವ ಸರಳೆ ವರಸೆಯನ್ನು ಕಲಿಯುವ ಮಗು ಮೊದಲ ವಾರದಲ್ಲಿಯೇ ಈ ತೊಡಕಿನೊಳಗೆ ಇಳಿಯುತ್ತದೆ. ಕೈಯ ತಾಳ ಒಂದೇ ಸಮನಾಗಿರುತ್ತದೆ. ಒಂದನೆಯ ಕಾಲದಲ್ಲಿ ಪೆಟ್ಟಿಗೆ ಒಂದು ಸ್ವರ, ಎರಡನೆಯ ಕಾಲದಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಹಾಗಾದರೆ ವೇಗ ಎಷ್ಟು? ಕೈಯನ್ನು ಕೇಳಿದರೆ ಒಂದು ಉತ್ತರ, ಬಾಯನ್ನು ಕೇಳಿದರೆ ಇನ್ನೊಂದು. ಎರಡೂ ಸರಿ. ನಮ್ಮವರು ವಿಳಂಬ, ಮಧ್ಯ, ದ್ರುತ ಎಂದು ಹೇಳಿದರೇ ಹೊರತು ನಿಮಿಷಕ್ಕಿಷ್ಟು ಎಂದು ಗೊತ್ತುಮಾಡಲಿಲ್ಲ. ಒಂದಕ್ಕೊಂದರ ಸಂಬಂಧವನ್ನು ಹಿಡಿದರು, ಗಡಿಯಾರವನ್ನು ಹಿಡಿಯಲಿಲ್ಲ.

ಗಡಿಯಾರ ಹಿಡಿದು ಗೊತ್ತುಮಾಡಬೇಕಾದ ಪ್ರಸಂಗಗಳೂ ಇಲ್ಲದಿಲ್ಲ. ನಮ್ಮ ರಾಷ್ಟ್ರಗೀತೆಯನ್ನು ಪೂರ್ಣವಾಗಿ ನುಡಿಸಲು ನಿಗದಿಯಾಗಿರುವ ಅವಧಿ ಸುಮಾರು 52 ಸೆಕೆಂಡು. ಈ ಗೀತೆಗೂ ನಮ್ಮ ಸೀಮೆಗೂ ಒಂದು ನೆರೆಹೊರೆಯ ನಂಟಿದೆ. ಚಿಂತಾಮಣಿಯಿಂದ ಆಂಧ್ರದ ಗಡಿ ದಾಟಿ ಹೋದರೆ ಸಿಗುವ ಮದನಪಲ್ಲಿಯ ಕಾಲೇಜಿಗೆ 1919ರಲ್ಲಿ ರವೀಂದ್ರನಾಥ ಠಾಕೂರರು ಬಂದಿದ್ದಾಗ, ಅಲ್ಲಿದ್ದ ಮಾರ್ಗರೆಟ್ ಕಸಿನ್ಸ್ ಅವರು ಆ ಹಾಡಿಗೆ ಸ್ವರಲಿಪಿಯನ್ನು ಬರೆದಿಟ್ಟರು. ಅದೇ ಗೀತೆಯನ್ನು ಎಳೆದೆಳೆದು ಒಂದೂವರೆ ನಿಮಿಷ ಹಾಡಿದರೆ ಪ್ರಾರ್ಥನೆಯಾಗುತ್ತದೆ; 52 ಸೆಕೆಂಡಿನಲ್ಲಿ ಬ್ಯಾಂಡು ನುಡಿಸಿದಾಗ ಬೆನ್ನು ತಾನೇ ನೆಟ್ಟಗಾಗುತ್ತದೆ. ನಡೆ ಬದಲಾದರೆ ಭಾವ ಬದಲಾಗುತ್ತದೆ ಎನ್ನುವುದಕ್ಕೆ ನಮ್ಮ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲ ನಿದರ್ಶನವಿದು.

ಇನ್ನು ಶ್ರುತಿಯ ವಿಚಾರ. ನನ್ನ ಬಾಲ್ಯದಲ್ಲಿ ಶಿಡ್ಲಘಟ್ಟದ ಸೋದರಮಾವನ ಮನೆಯಲ್ಲಿ ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನು ಇತ್ತು. ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಬೇಕು. ಸ್ಪ್ರಿಂಗಿನ ಬಿಗಿ ಇಳಿಯುತ್ತ ಬಂದಂತೆ ಹಾಡು ನಿಧಾನವಾಗುವುದಷ್ಟೇ ಅಲ್ಲದೆ ಕೆಳಗೂ ಜಾರುತ್ತಿತ್ತು. 78 ಸುತ್ತು 74ಕ್ಕೆ ಇಳಿದರೆ ಶ್ರುತಿ ಹೆಚ್ಚುಕಡಮೆ ಅರ್ಧ ಸ್ವರ ಇಳಿಯುತ್ತದೆ. ನಗುನಗುತ್ತ ಆರಂಭಿಸಿದ ಗಾಯಕಿ ಕೊನೆಯ ಚರಣಕ್ಕೆ ಬರುವಷ್ಟರಲ್ಲಿ ಗೊಗ್ಗರು ಕೊರಳಿನ ಗಂಡಸಾಗುತ್ತಿದ್ದಳು. ಮುಂದೆ ಬೇರೆ ಬೇರೆ ವೇಗದ ತಟ್ಟೆಗಳು ಬಂದಾಗ ಇನ್ನೊಂದು ತಮಾಷೆ ಸಾಧ್ಯವಾಯಿತು. 33⅓ ಸುತ್ತಿನ ತಟ್ಟೆಯನ್ನು 45ರಲ್ಲಿ ತಿರುಗಿಸಿದರೆ ವೇಗವೂ ಕಂಪನವೂ ಒಂದೇ ಪ್ರಮಾಣದಲ್ಲಿ, ಅಂದರೆ 1.35 ಪಟ್ಟು ಏರುತ್ತವೆ. ಷಡ್ಜಕ್ಕೂ ಶುದ್ಧ ಮಧ್ಯಮಕ್ಕೂ ಇರುವ ಪ್ರಮಾಣ ಮೂರಕ್ಕೆ ನಾಲ್ಕು, ಎಂದರೆ 1.33. ಆದ್ದರಿಂದ ಷಡ್ಜವಿದ್ದ ಕಡೆ ಮಧ್ಯಮವು ಕೂದಲೆಳೆಯಷ್ಟು ಹೆಚ್ಚಾಗಿ ಬಂದು ಕೂರುತ್ತದೆ. ಈ ಲೆಕ್ಕವನ್ನು ಎಷ್ಟೋ ವರ್ಷ ಪ್ರಮಾಣಾನುಪಾತದ ಪಾಠದಲ್ಲಿ ಮಕ್ಕಳಿಗೆ ಹೇಳಿದ್ದೇನೆ.

ಗ್ರಾಮಫೋನಿನಲ್ಲಿ ನಡೆಯೂ ಶ್ರುತಿಯೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ಮನುಷ್ಯರು ಊದುವ ಬ್ಯಾಂಡಿನಲ್ಲಿ ಹಾಗಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸಬಹುದು. ಗಿಟಾರಿನ ಮುದ್ರಿಕೆಯಿಂದ ಕಲಿತ ಮಟ್ಟನ್ನು ಕ್ಲಾರಿಯೊನೆಟ್ಟಿಗೆ ಅಳವಡಿಸುವಾಗ ಅದರ ಮನೆ ಬದಲಾಗಲೇಬೇಕು. ಬ್ಯಾಂಡಿನಲ್ಲಿ ಬಳಸುವ ಸಾಮಾನ್ಯ ಕ್ಲಾರಿಯೊನೆಟ್ಟಿನಲ್ಲಿ ಬರೆಹದ ಮೊದಲ ಸ್ವರವನ್ನು ಊದಿದರೆ, ಹೊರಡುವ ನಾದ ಹಾರ್ಮೋನಿಯಮ್ಮಿನ ಕರಿ ಐದಕ್ಕೆ ಹೊಂದುತ್ತದೆ. ಟ್ರಂಪೆಟ್ಟೂ ಅದೇ ಜಾತಿಯದು. ಬೆರಳಿಗೆ ಎಲ್ಲಿ ಸಲೀಸೋ, ಉಸಿರಿಗೆ ಎಲ್ಲಿ ಹಗುರವೋ ಅಲ್ಲಿ ಷಡ್ಜವನ್ನು ನೆಲೆಗೊಳಿಸಿಕೊಳ್ಳುತ್ತಾರೆ. ನಮ್ಮ ಹಾಡುಗಾರರೂ ಅಷ್ಟೆ. ಅವರವರ ಕೊರಳಿಗೆ ಒಗ್ಗಿದ ಮನೆಯಲ್ಲಿ ಹಾಡುತ್ತಾರೆ. ಮೋಹನ ರಾಗವನ್ನು ಯಾವ ಮನೆಯಲ್ಲಿ ಹಾಡಿದರೂ ಅದು ಮೋಹನವೇ.

ಭಾವ ಮಾರ್ಪಡುವುದು ಸ್ವರಗಳ ಒಳ ಅಂತರ ಬದಲಾದಾಗ. ಹಾರ್ಮೋನಿಯಮ್ಮಿನಲ್ಲಿ ಬಿಳಿ ಒಂದನ್ನು ಷಡ್ಜ ಮಾಡಿಕೊಂಡು ಮೋಹನವನ್ನು ನುಡಿಸಿ ನೋಡಿ. ಗಾಂಧಾರ ಬಿಳಿ ಮೂರರಲ್ಲಿ ಬರುತ್ತದೆ. ಉಳಿದ ಸ್ವರಗಳನ್ನು ಮುಟ್ಟದೆ ಗಾಂಧಾರವೊಂದನ್ನು ಪಕ್ಕದ ಕರಿ ಎರಡಕ್ಕೆ ಇಳಿಸಿ. ಅದು ಶಿವರಂಜನಿ. ಒಂದು ಬೆರಳು ಒಂದು ಮನೆ ಸರಿದದ್ದಕ್ಕೆ, ಬೆಳದಿಂಗಳಂತಿದ್ದ ರಾಗ ಕಣ್ಣೊದ್ದೆ ಮಾಡುವ ರಾಗವಾಗುತ್ತದೆ. ಪಾಶ್ಚಾತ್ಯರಲ್ಲಿಯೂ ದೊಡ್ಡ ಗಾಂಧಾರದ ಮೇಳ ಹರ್ಷಕ್ಕೆ, ಚಿಕ್ಕ ಗಾಂಧಾರದ್ದು ವಿಷಾದಕ್ಕೆ ಎಂಬ ಸ್ಥೂಲವಾದ ತಿಳಿವಳಿಕೆ ಇದೆ. ‘ಕಮ್ ಸೆಪ್ಟೆಂಬರ್’ ಮಟ್ಟು ದೊಡ್ಡ ಗಾಂಧಾರದ್ದು, ನಮ್ಮ ಶಂಕರಾಭರಣದ ನೆಂಟ. ನಡೆ ಚುರುಕು. ಈ ಎರಡನ್ನೂ ಕೂಡಿಸಿದರೆ ಯಂತ್ರ ‘ಸಂತೋಷ’ ಎನ್ನದೆ ಇನ್ನೇನೆಂದೀತು?

ಆದರೆ ಈ ಕೂಡುವ ಲೆಕ್ಕ ಎಲ್ಲ ಕಡೆಯೂ ಸರಿಹೋಗುವುದಿಲ್ಲ. ಆಕಾಶವಾಣಿಯ ಪ್ರಸಾರ ಆರಂಭವಾಗುವ ಮುನ್ನ ಕೇಳಿಬರುತ್ತಿದ್ದ ಸಂಕೇತ ವಾದನವನ್ನು ನೆನೆಯಿರಿ. ತಂಬೂರಿಯ ಮೇಲೆ ಪಿಟೀಲು ಏಳುವ ಆ ತುಣುಕು ಶಿವರಂಜನಿಯ ಛಾಯೆಯದು. ಅದನ್ನು ರಚಿಸಿದ ವಾಲ್ಟರ್ ಕಾಫ್‌ಮನ್ ನಾಟ್ಸಿಗಳ ಏಳಿಗೆಯ ಕಾಲದಲ್ಲಿ ಯೂರೋಪನ್ನು ತೊರೆದು 1934ರಲ್ಲಿ ಮುಂಬಯಿಗೆ ಬಂದಿಳಿದ ಯೆಹೂದಿ ಸಂಗೀತಗಾರರು. ಮುಂದೆ ಮುಂಬಯಿ ಆಕಾಶವಾಣಿಯಲ್ಲಿ ಸಂಗೀತದ ಹೊಣೆ ಹೊತ್ತವರು. ಊರು ಬಿಟ್ಟು ಬಂದವರೊಬ್ಬರು ವಿಷಾದದ ರಾಗದ ನೆಳಲಿನಲ್ಲಿ ಕಟ್ಟಿದ ಮಟ್ಟು ಅದು. ನಮ್ಮ ಸೀಮೆಯಲ್ಲಿ ಅದನ್ನು ಕೇಳಿ ಅತ್ತವರನ್ನು ನಾನು ಕಾಣೆ. ಅದು ಮೊಳಗಿತೆಂದರೆ ಬೆಳಗಾಯಿತು, ಹಾಲು ಕರೆಯಬೇಕು, ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೊರಡಬೇಕು ಎಂದೇ ನಮ್ಮ ಮನೆಯವರಿಗೆ ಅರ್ಥ. ಚಿಕ್ಕ ಗಾಂಧಾರ ನಮ್ಮಲ್ಲಿ ಸೂರ್ಯೋದಯವಾಯಿತು.

ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಉಂಟು. ಗಣರಾಜ್ಯೋತ್ಸವದ ಸಮಾಪ್ತಿಗೆ ದೆಹಲಿಯಲ್ಲಿ ನಡೆಯುವ ಸೇನಾ ವಾದ್ಯಗೋಷ್ಠಿಯಲ್ಲಿ, 2022ರಲ್ಲಿ ಕೈಬಿಡುವವರೆಗೆ ಬಹುಕಾಲ ನುಡಿಸುತ್ತಿದ್ದ ‘ಅಬೈಡ್ ವಿತ್ ಮಿ’ ಎಂಬ ಕ್ರೈಸ್ತ ಪ್ರಾರ್ಥನೆಯ ಮಟ್ಟು ಗಾಂಧೀಜಿಯವರಿಗೆ ಪ್ರಿಯವಾಗಿದ್ದದ್ದು. ಅದೂ ದೊಡ್ಡ ಗಾಂಧಾರದ ಮೇಳದ್ದೇ. ನಮ್ಮ ಮದುವೆಯ ಮಟ್ಟಿಗೂ ಅದಕ್ಕೂ ಕುಲ ಒಂದೇ. ಆದರೂ ಸಂಜೆಗತ್ತಲಲ್ಲಿ ಆ ನಿಧಾನದ ನಡೆ ಕೇಳಿದವರ ಗಂಟಲು ಕಟ್ಟುತ್ತಿತ್ತು.

ಸ್ವರವೇ ಇಲ್ಲದ ವಾದ್ಯದ ಸಂಗತಿಯೇನು? ನಮ್ಮ ಜಿಲ್ಲೆಯ ತಮಟೆಗೆ ಸ್ವರಸಪ್ತಕವಿಲ್ಲ. ಬಾರಿಸುವ ಮೊದಲು ಹುಲ್ಲಿನ ಬೆಂಕಿಗೆ ಹಿಡಿದು ಚರ್ಮವನ್ನು ಬಿಗಿಮಾಡಿಕೊಳ್ಳುವುದೇ ಅದರ ಶ್ರುತಿ. ಚರ್ಮ ತಣ್ಣಗಾದಂತೆ ನಾದ ಇಳಿಯುತ್ತದೆ, ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಆ ಒಂದು ಚರ್ಮ, ಎರಡು ಕೋಲುಗಳಲ್ಲಿ ಜಾತ್ರೆಯ ವರಸೆ ಬೇರೆ, ದೇವರ ಉತ್ಸವದ ವರಸೆ ಬೇರೆ, ಸಾವಿನ ವರಸೆ ಬೇರೆ. ಮೂರು ಬೀದಿ ಆಚೆಯಿಂದ ಕೇಳಿಯೇ ನಮ್ಮ ಹಳ್ಳಿಗರು ಯಾರ ಮನೆಯಲ್ಲಿ ಏನಾಯಿತೆಂದು ಊಹಿಸುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಸಂದಾಗ, ಈ ವಿದ್ಯೆಗೆ ತಕ್ಕ ಮಾನ ದೊರೆಯಿತೆಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಮದುವೆಯಲ್ಲಿ ಮಾಂಗಲ್ಯಧಾರಣೆಯ ಕ್ಷಣಕ್ಕೆ ಓಲಗದವರು ಎಬ್ಬಿಸುವ ಗಟ್ಟಿಮೇಳವೂ ಹೀಗೆಯೇ. ಅದರಲ್ಲಿ ರಾಗವನ್ನು ಹುಡುಕಿದರೆ ಸಿಕ್ಕದು. ಸದ್ದು, ವೇಗ, ಬಿಗಿ ಇಷ್ಟೇ ಇರುವುದು. ಅದನ್ನು ಕೇಳಿ ಹೆತ್ತವರ ಕಣ್ಣಲ್ಲಿ ನೀರು ಬರುತ್ತದೆ. ಆ ನೀರನ್ನು ಹರ್ಷದ ಕಡೆಗೆ ಎಣಿಸಬೇಕೋ ವಿಷಾದದ ಕಡೆಗೆ ಎಣಿಸಬೇಕೋ ಮಗಳನ್ನು ಧಾರೆಯೆರೆದವರೇ ಹೇಳಬೇಕು.

ಇಷ್ಟು ಹೇಳಿದ್ದರಿಂದ ಅಳತೆಯ ಬಗ್ಗೆ ನನಗೆ ಅನಾದರವೆಂದು ಯಾರೂ ಭಾವಿಸಬಾರದು. ಅಳೆಯುವುದನ್ನು ಕಲಿಸಿಯೇ ನಾನು ಅನ್ನ ಉಂಡವನು. ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿರೆಂದು ಜೀವಮಾನವಿಡೀ ಸಾರಿದ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಅದೇ ಗೌರಿಬಿದನೂರಿನ ಬಯಲಿನಲ್ಲಿ 1976ರಿಂದ ಒಂದು ರೇಡಿಯೋ ದೂರದರ್ಶಕ ಕಾರ್ಯ ಆರಂಭಿಸಿತು. ಒಂದು ಸಾವಿರ ದ್ವಿಧ್ರುವ ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ನೆಟ್ಟು, ಆಕಾಶದಿಂದ ಬರುವ, ಸೆಕೆಂಡಿಗೆ 3 ಕೋಟಿ 45 ಲಕ್ಷ ಕಂಪನಗಳ ಅಲೆಯನ್ನು ಹಿಡಿದರು. ಸಂಗೀತಗಾರರು ಶ್ರುತಿ ಹೊಂದಿಸಲು ಬಳಸುವ ಅಂತರರಾಷ್ಟ್ರೀಯ ಸ್ವರಕ್ಕೆ ಸೆಕೆಂಡಿಗೆ 440 ಕಂಪನ. ಎರಡೂ ಕಂಪನಗಳೇ, ಎರಡನ್ನೂ ಎಣಿಸಬಹುದು. ಕಡಲೆಕಾಯಿ ಹೊಲಗಳ ನಡುವೆ ನಿಂತು ಸೂರ್ಯನ ಉದ್ವೇಗವನ್ನು ಅಳೆದವರು ನಮ್ಮವರು. ಆದರೆ ಸೂರ್ಯ ಸಂತೋಷದಲ್ಲಿದ್ದಾನೆ ಎಂದು ಅವರು ಎಂದೂ ವರದಿ ಮಾಡಲಿಲ್ಲ. ಅಳೆದದ್ದೇನು, ಅಳೆಯದೆ ಬಿಟ್ಟದ್ದೇನು ಎಂಬ ಎಚ್ಚರ ವಿಜ್ಞಾನದ ಒಂದು ಅಂಗ. ಆ ಎಚ್ಚರದಿಂದಲೇ ನಾನು ಮೂರನೆಯ ಅಂಕಿಯ ಬಳಿಗೆ ಬರುತ್ತೇನೆ.

ಮೇಲೆ ಹೇಳಿದ ನನ್ನ ಸೋದರಮಾವ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕ ಇಟ್ಟುಕೊಂಡಿದ್ದರು. ಬೆಳಗಿನ ಜಾವಕ್ಕೆ ಒಲೆ ಹೊತ್ತಿಸಿ, ಬಿಸಿನೀರಿನಲ್ಲಿ ಗೂಡು ಬೇಯಿಸಿ, ಎಳೆಯ ತುದಿ ಹುಡುಕಿ ಚರಕಕ್ಕೆ ಏರಿಸುವ ಕೆಲಸ. ಚರಕ ತಿರುಗಿಸುವ ಕೈ ಒಂದೇ ಸಮನೆ ಸುತ್ತಬೇಕು. ತಡವರಿಸಿದರೆ ಎಳೆ ಹರಿಯುತ್ತದೆ. ಮಾವ ‘ಕಮ್ ಸೆಪ್ಟೆಂಬರ್’ ಮಟ್ಟನ್ನು ಎಲ್ಲಿ ಕಲಿತರೋ, ರೇಡಿಯೋ ಸಿಲೋನಿನಿಂದಲೋ ಬ್ಯಾಂಡಿನವರಿಂದಲೋ, ಕಲಿತ ಮೇಲೆ ಪ್ರತಿದಿನ ಬೆಳಿಗ್ಗೆ ಘಟಕದ ಬಾಗಿಲು ತೆರೆಯುವಾಗ ಅದನ್ನೇ ಸಿಳ್ಳೆ ಹಾಕುತ್ತಿದ್ದರು. ಅವರ ಸಿಳ್ಳೆಗೆ ಚರಕದ ಕೈಗಳು ಹೊಂದಿಕೊಳ್ಳುತ್ತಿದ್ದವು. ಮಾರುಕಟ್ಟೆಯಲ್ಲಿ ಗೂಡಿನ ಧಾರಣೆ ಏರಿ ನಷ್ಟವಾದ ದಿನವೂ ಸಿಳ್ಳೆ ನಿಲ್ಲುತ್ತಿರಲಿಲ್ಲ. ಆಗ ಅದು ಕೊಂಚ ನಿಧಾನವಾಗುತ್ತಿತ್ತು ಎಂದು ಅತ್ತೆ ಹೇಳುತ್ತಿದ್ದರು.

1984ರ ಶಿವರಾತ್ರಿ ಕಳೆದ ವಾರದಲ್ಲಿ ಮಾವ ತೀರಿಕೊಂಡರು. ವಿಮಾನ ಸಿದ್ಧವಾಯಿತು, ಭಜನೆಯವರು ಬಂದರು, ಬ್ಯಾಂಡಿನವರೂ ಬಂದರು. ಹಿರಿಯ ಮಗನು ಬ್ಯಾಂಡಿನ ಯಜಮಾನರನ್ನು ಪಕ್ಕಕ್ಕೆ ಕರೆದು ಅಪ್ಪನ ಆ ಮಟ್ಟನ್ನು ಊದಬೇಕೆಂದು ಕೇಳಿಕೊಂಡ. ಹಿರಿಯರಿಗೆ ಸರಿಬರಲಿಲ್ಲ. “ಮದುವೆ ಮನೆ ಪದಾನ ಸಾವಿನ ಮನೆ ಮುಂದೆ ಊದಿಸ್ತಾರೇನಪ್ಪ? ನಾಲ್ಕು ಜನ ಏನಂದಾರು?” ಎಂದು ದೊಡ್ಡಪ್ಪನವರು ಗದರಿದರು. ಎಲ್ಲರೂ ಸುಮ್ಮನೆ ನಿಂತೆವು. ಒಳಗಿನಿಂದ ಅತ್ತೆಯ ದನಿ ಕೇಳಿಸಿತು. “ನಿತ್ಯ ಬೆಳಗಾದ್ರೆ ಅವರು ಹಾಕ್ತಿದ್ದ ಸಿಳ್ಳೆ ಅದು. ಅದಿಲ್ದೆ ಅವರನ್ನ ಹ್ಯಾಗೆ ಕಳಿಸಲಿ, ಭಾವನವರೇ?” ಆ ಮಾತಿಗೆ ಯಾರೂ ಎದುರಾಡಲಿಲ್ಲ.

ಬ್ಯಾಂಡಿನ ಯಜಮಾನರು ನನ್ನ ಕಡೆ ತಿರುಗಿ, “ಮೇಷ್ಟ್ರೇ, ಪದ ಅದೇ ಇರಲಿ, ನಡೆ ಬದಲಾಯಿಸ್ತೀವಿ” ಎಂದರು. ಡ್ರಮ್ಮಿನ ಅಡಿಯ ತಂತಿಯನ್ನು ಸಡಿಲಿಸಿದರು. ಗರಗರ ಸದ್ದು ಹೋಗಿ ಬರಿಯ ಮಂಕು ಪೆಟ್ಟು ಉಳಿಯಿತು. ಕ್ಲಾರಿಯೊನೆಟ್ಟಿನಲ್ಲಿ ಮಟ್ಟನ್ನು ಎರಡು ಮನೆ ಕೆಳಗಿನಿಂದ ಎತ್ತಿಕೊಂಡರು. ಒಂದು ಸ್ವರವೂ ಬದಲಾಗಲಿಲ್ಲ. ದೊಡ್ಡ ಗಾಂಧಾರ ದೊಡ್ಡದಾಗಿಯೇ ಇತ್ತು. ಅಭ್ಯಾಸಬಲದಿಂದ ನಾನು ಕೈಗಡಿಯಾರ ನೋಡಿದೆ. ನಿಮಿಷಕ್ಕೆ ಅರವತ್ತರ ಆಸುಪಾಸಿನ ಹೆಜ್ಜೆ. ಘಟಕದ ಹೆಣ್ಣಾಳುಗಳು ಬೀದಿಯ ಎರಡೂ ಪಕ್ಕ ನಿಂತಿದ್ದರು. ಮಟ್ಟಿನ ಎರಡನೆಯ ಸಾಲು ಬರುವಷ್ಟರಲ್ಲಿ ಅವರಿಗೆ ಅದು ಯಾವುದೆಂದು ಗುರುತು ಹತ್ತಿತು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಒಡೆಯಿತು. ದೊಡ್ಡಪ್ಪನವರೂ ಮುಖ ತಿರುಗಿಸಿಕೊಂಡು ಶಲ್ಯದಿಂದ ಕಣ್ಣೊರಸಿಕೊಂಡರು.

ನಿಧಾನ ಮಾಡಿದ್ದರಿಂದ, ಮನೆ ಇಳಿಸಿದ್ದರಿಂದ ಮಟ್ಟು ಶೋಕದ್ದಾಯಿತು. ಯಂತ್ರಕ್ಕೆ ಆ ದಿನದ ವಾದನವನ್ನು ಕೇಳಿಸಿದ್ದರೆ ಅದೂ ಸರಿಯಾದ ಅಂಕಿಯನ್ನೇ ಕೊಡುತ್ತಿತ್ತು ಎಂದು ಯಾರಾದರೂ ವಾದಿಸಬಹುದು. ನ್ಯಾಯವಾದ ವಾದ. ಅದಕ್ಕೆ ಉತ್ತರವಾಗಿ ಇನ್ನೊಂದು ಪ್ರಸಂಗವನ್ನು ಹೇಳಬೇಕು. ಅದಕ್ಕೆ ಮೊದಲು ಆ ಮಟ್ಟಿನ ಬಾಳಿನಲ್ಲಿ ನಡೆದ ಒಂದು ಘಟನೆಯನ್ನು ತಿಳಿಸಬೇಕು.

ಮುತ್ತುಸ್ವಾಮಿ ದೀಕ್ಷಿತರು ಆಂಗ್ಲರ ಬ್ಯಾಂಡಿನ ಮಟ್ಟುಗಳನ್ನು ಕೇಳಿ, ಅವಕ್ಕೆ ಸಂಸ್ಕೃತದ ಸಾಹಿತ್ಯವನ್ನು ಹೊಂದಿಸಿ, ಶಂಕರಾಭರಣದಲ್ಲಿ ನೋಟ್ಟುಸ್ವರಗಳೆಂಬ ಪುಟ್ಟ ಕೃತಿಗಳನ್ನು ರಚಿಸಿದರು. ಬ್ರಿಟಿಷರ ರಾಜಗೀತೆಯ ಮಟ್ಟಿಗೂ ಅವರಿಂದ ದೇವರ ಸ್ತುತಿ ಒದಗಿತು. ಮಾತಿಲ್ಲದ ಪರದೇಶಿ ಮಟ್ಟಿಗೆ ಮಾತು ತೊಡಿಸುವ ಸಂಪ್ರದಾಯ ನಮ್ಮಲ್ಲಿ ಹೀಗೆ ಹಳೆಯದು. ‘ಕಮ್ ಸೆಪ್ಟೆಂಬರ್’ ಮಟ್ಟಿಗೆ ಆ ಯೋಗ 1995ರಲ್ಲಿ ಬಂದಿತು. ಆ ವರ್ಷದ ‘ರಾಜಾ’ ಎಂಬ ಹಿಂದಿ ಚಿತ್ರಕ್ಕೆ ನದೀಮ್ ಶ್ರವಣ್ ಜೋಡಿ ಆ ಮಟ್ಟಿನ ಮೇಲೆ ಒಂದು ಪ್ರೇಮಗೀತೆಯನ್ನು ಕಟ್ಟಿದರು. ಅಂದಿನಿಂದ ಹೊಸ ಪೀಳಿಗೆಗೆ ಅದು ಹಿಂದಿಯ ಹಾಡೇ ಆಗಿಹೋಯಿತು. ಹಳೆಯ ಹೆಸರನ್ನು ಹೇಳಿದರೆ ನನ್ನ ವಿದ್ಯಾರ್ಥಿಗಳು ಅಚ್ಚರಿಪಡುತ್ತಿದ್ದರು.

1997ರಲ್ಲಿ ಮಾವನ ಮೊಮ್ಮಗಳ ಮದುವೆ. ವರಪೂಜೆಯ ರಾತ್ರಿ ಮೆರವಣಿಗೆಗೆ ಅದೇ ಬ್ಯಾಂಡು. ಊದುತ್ತಿದ್ದವರು ಹಳೆಯ ಯಜಮಾನರ ಮಕ್ಕಳು. ಮನೆಯ ಮುಂದೆ ಬಂದಾಗ ಹುಡುಗರ ಒತ್ತಾಯಕ್ಕೆ ಅದೇ ಮಟ್ಟು ಹೊರಟಿತು. ಪೂರ್ಣ ವೇಗ, ಮೇಲಿನ ಮನೆ, ಡ್ರಮ್ಮಿನ ತಂತಿ ಬಿಗಿ. ಹುಡುಗರು ಹಿಂದಿಯ ಮಾತುಗಳನ್ನು ಕೂಗುತ್ತ ಕುಣಿಯತೊಡಗಿದರು. ಯಾವ ಯಂತ್ರ ಅಳೆದರೂ, ಯಾವ ಮನುಷ್ಯ ಅಳೆದರೂ ಅದು ಸಂತೋಷವೇ. ಹೊಸ್ತಿಲ ಬಳಿ ಆರತಿಯ ತಟ್ಟೆ ಹಿಡಿದು ನಿಂತ ಸೊಸೆಯ ಹಿಂದೆ ಅತ್ತೆ ನಿಂತಿದ್ದರು. ಮಟ್ಟು ಏಳುತ್ತಿದ್ದಂತೆ ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹತ್ತಿರ ಹೋಗಿ, “ಏನತ್ತೆ, ನಿಲ್ಲಿಸಲಿಕ್ಕೆ ಹೇಳಲೇ?” ಎಂದೆ. ಅವರು ತಲೆಯಲ್ಲಾಡಿಸಿ, “ಬೇಡಪ್ಪ, ಊದಲಿ. ಇವತ್ತು ಬಾಗಿಲು ತೆಗೆಯೋ ಹೊತ್ತಿನ ನಡೆ ಇದೆ” ಎಂದರು.

ಅತ್ತೆಯ ಕಿವಿಗೆ ಬಿದ್ದದ್ದು ನಮ್ಮೆಲ್ಲರ ಕಿವಿಗೆ ಬಿದ್ದ ಸ್ವರಗಳೇ. ನಿಮಿಷಕ್ಕೆ ಅಷ್ಟೇ ಪೆಟ್ಟು, ಅದೇ ಷಡ್ಜ. ಅವರು ಕೇಳಿದ್ದರಲ್ಲಿ ಮಾತ್ರ ಇಪ್ಪತ್ತು ವರ್ಷಗಳ ಬೆಳಗುಗಳಿದ್ದವು, ಸ್ಮಶಾನದ ಹಾದಿಯ ಅರವತ್ತು ಹೆಜ್ಜೆಗಳಿದ್ದವು, ಮುಂದೆ ನಿಂತ ಮೊಮ್ಮಗಳೂ ಇದ್ದಳು. ಈ ಮೂರನ್ನೂ ಕೂಡಿಸಿ ಶೂನ್ಯಕ್ಕೂ ಒಂದಕ್ಕೂ ನಡುವೆ ಯಾವ ದಶಾಂಶವನ್ನು ಬರೆಯೋಣ? ಲೆಕ್ಕದವನಾಗಿ ನಾನು ಹೇಳುವುದಿಷ್ಟು. ನಡೆಯನ್ನೂ ಶ್ರುತಿಯನ್ನೂ ಅಳೆಯುವಾಗ ಮಟ್ಟೊಂದಿದ್ದರೆ ಸಾಕು. ಭಾವವನ್ನು ಅಳೆಯಬೇಕಾದರೆ ಕೇಳುವವರನ್ನೂ ಸಮೀಕರಣದೊಳಗೆ ತರಬೇಕಾಗುತ್ತದೆ. ಅವರೊಬ್ಬೊಬ್ಬರೂ ಒಂದೊಂದು ಅವ್ಯಕ್ತ ರಾಶಿ. ಯಂತ್ರ ಕೊಡುವ ಅಂಕಿ ಆ ರಾತ್ರಿ ಕುಣಿದ ಹುಡುಗರಿಗೆ ನಿಜ. ಹೊಸ್ತಿಲ ಬಳಿ ನಿಂತವರೊಬ್ಬರನ್ನು ಅದು ಕಾಣಲಾರದು. ನೂರು ಜನರ ಮಧ್ಯೆ ಅಂಥವರೊಬ್ಬರು ಎಲ್ಲ ಮೆರವಣಿಗೆಯಲ್ಲಿಯೂ ಇರುತ್ತಾರೆ.

ಉಪಾಧ್ಯಾಯ ಬಂಧುಗಳಲ್ಲಿ ಒಂದು ಸೂಚನೆ. ಸಂಗೀತದ ಅವಧಿಯಲ್ಲಿಯೋ ಗಣಿತದ ಅವಧಿಯಲ್ಲಿಯೋ, ಮಾತಿಲ್ಲದ ಒಂದು ಮಟ್ಟನ್ನು ಮಕ್ಕಳಿಗೆ ಮೂರು ಕಾಲಗಳಲ್ಲಿ ಕೇಳಿಸಿ. ನಿಮಿಷಕ್ಕೆ ಎಷ್ಟು ಪೆಟ್ಟೆಂದು ಎಣಿಸಲು ಹೇಳಿ. ಷಡ್ಜ ಯಾವ ಮನೆಯಲ್ಲಿದೆಯೆಂದು ಹಾರ್ಮೋನಿಯಮ್ಮಿನ ಮೇಲೆ ಹುಡುಕಿಸಿ. ಈ ಎರಡರಲ್ಲಿ ಎಲ್ಲರ ಉತ್ತರವೂ ಒಂದಾಗಬೇಕು, ಆಗದಿದ್ದರೆ ತಿದ್ದಿ. ಆಮೇಲೆ, ಇದನ್ನು ಕೇಳಿ ಏನು ನೆನಪಾಯಿತೆಂದು ಐದು ಸಾಲು ಬರೆಯಲು ಹೇಳಿ. ಈ ಮೂರನೆಯ ಉತ್ತರಗಳು ಒಂದಾಗುವುದಿಲ್ಲ. ಅವನ್ನು ತಿದ್ದದೆ ಓದಿ. ಯಾವ ಮಗುವಿನ ಮನೆಯಲ್ಲಿ ಏನು ನಡೆದಿದೆಯೆಂದು, ಹಾಜರಿ ಪುಸ್ತಕ ತಿಳಿಸದ ಎಷ್ಟೋ ಸಂಗತಿಗಳು ಆ ಐದು ಸಾಲುಗಳಿಂದ ತಿಳಿದೀತು.

ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ನನ್ನದೊಂದು ಕೋರಿಕೆ. ಈಗ ಬೇಕಾದ ಸದ್ದನ್ನು ಪೆಟ್ಟಿಗೆಯಿಂದ ಹೊರಡಿಸುವುದು ಸುಲಭ. ಆದರೆ ಪೆಟ್ಟಿಗೆಗೆ ಮುಂದೆ ನಡೆಯುವವರ ಕಾಲು ಕಾಣುವುದಿಲ್ಲ. ಪುಟ್ಟ ಮಕ್ಕಳು ಹಿಂದುಳಿದರೆಂದು ಕೈಯನ್ನು ನಿಧಾನ ಮಾಡಬಲ್ಲವನು ಡ್ರಮ್ಮು ಹೊತ್ತ ಹುಡುಗನೊಬ್ಬನೇ. ಶಾಲೆಗಳಲ್ಲಿ ಮೂಲೆ ಸೇರಿರುವ ಬ್ಯಾಂಡಿನ ವಾದ್ಯಗಳಿಗೆ ಹೊಸ ಚರ್ಮ ಹಾಕಿಸಲು, ಕಲಿಸುವವರಿಗೆ ಗೌರವಧನ ಕೊಡಲು ಆಗುವ ವೆಚ್ಚ ದೊಡ್ಡದಲ್ಲ. ತಮ್ಮ ತಮ್ಮ ಊರಿನ ಶಾಲೆಗೆ ಅಷ್ಟನ್ನು ಮಾಡಿಕೊಟ್ಟರೆ, ಎಣಿಸುವುದನ್ನೂ ಎದುರಿಗಿರುವವರನ್ನು ನೋಡಿ ನಡೆಯುವುದನ್ನೂ ಮಕ್ಕಳು ಒಟ್ಟಿಗೆ ಕಲಿಯುತ್ತಾರೆ.